ವರ್ಕ್‌ಶಾಪಿನ ಕಾರ್ ಜ್ಯಾಕು, ನಮ್ಮ ಲಿಫ್ಟು

2014ರ ರೋಬೋಕಾನ್ (ಕಾಲೇಜು ತಂಡಗಳು ರೋಬೋ ಕಟ್ಟಿ ಆಡೋ ಸ್ಪರ್ಧೆ) ಥೀಮ್ ನೆನಪಿದ್ಯಾ, ಮಗೂನ ಪಾರ್ಕಲ್ಲಿ ಆಡಿಸೋದು? ಆ ವರ್ಷ ಅಂತರರಾಷ್ಟ್ರೀಯ ಸ್ಪರ್ಧೆನೂ ಪುಣೆಯಲ್ಲೇ ಇತ್ತು. ಪೇರೆಂಟ್ ರೋಬೋನ ನಾವು ಓಡಿಸ್ಬೇಕು, ಮಗು ರೋಬೋ ಆಟೋಮ್ಯಾಟಿಕ್, ಪೇರೆಂಟು ಮಗೂನ ಎತ್ಕೊಂಡ್ಹೋಗಿ ಸೀಸಾ ಮೇಲೆ ಕೂರಿಸ್ಬೇಕು, ಆಮೇಲೆ ಜೋಕಾಲಿ, ಎಲ್ಲಾ 3 ನಿಮಿಷದೊಳಗೆ. ನನ್ನ ಪಾಲಿಗೆ ಬಂದಿದ್ದು ಮಗೂನ ಎತ್ತೋ ಪ್ಲಾಟ್‌ಫಾರ್ಮ್.

ನಾನು ಎರಡು ಹಂತದ ಸಿಸರ್ ಲಿಫ್ಟ್ ಮಾಡ್ದೆ, ಅಂದ್ರೆ ಕತ್ತರಿ ಥರ ಅಡ್ಡಡ್ಡ ಜೋಡಿಸಿದ ಕಾಲುಗಳು ಹತ್ರ ಬಂದಂಗೆ ಮೇಲೇಳೋ ಲಿಫ್ಟು, ಒಂದರ ಮೇಲೊಂದು ಎರಡು, 40 ಸೆಂ.ಮೀ. ಕಾಲುಗಳು, ಕೆಳಗಿನ ಕಾಲನ್ನ ಅಡ್ಡಕ್ಕೆ ಎಳೆಯೋಕೆ ಥ್ರೆಡೆಡ್ ರಾಡು, ಅದನ್ನ ತಿರುಗಿಸೋಕೆ ಬೆಂಗಳೂರಿನ ಎಸ್.ಪಿ. ರೋಡಲ್ಲಿ ತಂದ ಕಾರಿನ ವೈಪರ್ ಮೋಟಾರು. ಕಂಪ್ಯೂಟರಲ್ಲಿ ಎಷ್ಟು ಚೆನ್ನಾಗಿ ಎದ್ದು ನಿಲ್ತಿತ್ತು! ನಿಜವಾದ್ದರ ಮೇಲೆ 8 ಕೆಜಿ ಇಟ್ಟು ಸ್ವಿಚ್ ಒತ್ತಿದ್ರೆ ಮೋಟಾರು ಮುಲುಗಿ ನಿಂತೋಯ್ತು, ಫ್ಯೂಸ್ ಹೋಯ್ತು. ಹೊಸ ಫ್ಯೂಸ್ ಹಾಕಿದ್ವಿ, ಅದೂ ಹೋಯ್ತು. ಇನ್ನೂ ದೊಡ್ಡ ಮೋಟಾರ್ ತರೋಣ ಅಂತ ದುಡ್ಡು ಒಟ್ಟು ಮಾಡ್ತಿದ್ವಿ.

ಆಗ ನಮ್ಮ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್ ಸರ್ ಕಿಟಕಿ ಹತ್ರ ಇದ್ದ ಹಳೇ ಕಾರ್ ಜ್ಯಾಕ್ ತಂದು (ಅದೂ ನಮ್ಮ ಲಿಫ್ಟ್ ಥರಾನೇ ಕಾಲು ಮಡಚೋದು, ರಾಡು ತಿರುಗಿಸಿದ್ರೆ ಏಳೋದು), ಪೂರ್ತಿ ಮಡಚಿ, ಮೇಲೆ ಭಾರ ಇಟ್ಟು, "ತಿರುಗ್ಸಪ್ಪಾ" ಅಂದ್ರು. ಕೈ ನೋಯೋಷ್ಟು ಬಿಗಿ. ನಾಲ್ಕು ಬೆರಳು ಎದ್ದ ಮೇಲೆ ಅದೇ ಭಾರಕ್ಕೆ ಸಲೀಸಾಗಿ ತಿರುಗ್ತು. "ಮೋಟಾರ್ ತಪ್ಪಲ್ಲ, ಕಾಲು ಮಲಗಿರೋದು ತಪ್ಪು" ಅಂದ್ರು, ಅಷ್ಟೇ.

ಆ ರಾತ್ರಿ ಹಾಸ್ಟೆಲಲ್ಲಿ ಲೆಕ್ಕ ಹಾಕ್ದೆ. ಕಾಲು ನೆಲದಿಂದ 10 ಡಿಗ್ರಿಯಲ್ಲಿದ್ದಾಗ ಆ 8 ಕೆಜಿ ಎತ್ತೋಕೆ ರಾಡು ಎಳೀಬೇಕಾದ ಬಲ ಹತ್ರಹತ್ರ 90 ಕೆಜಿ, 20 ಡಿಗ್ರಿಗೆ 44, 45 ಡಿಗ್ರಿಗೆ ಬಂದ್ರೆ ಬರೀ 16. ಅದೂ ತಿಕ್ಕಾಟ ಬಿಟ್ಟು. ಅಂದ್ರೆ ಕಷ್ಟ ಎಲ್ಲಾ ಶುರುವಿನ ನಾಲ್ಕೈದು ಇಂಚಲ್ಲೇ ಇದೆ!

20 ಡಿಗ್ರಿಯಿಂದ ಶುರು ಮಾಡೋಣ ಅಂದ್ರೆ ಮಡಚಿದಾಗಿನ ಎತ್ತರ 13 ಸೆಂ.ಮೀ. ಜಾಸ್ತಿ ಆಗುತ್ತೆ, ಅದಕ್ಕೆ ಬ್ಯಾಟರಿ ಪಕ್ಕಕ್ಕೆ ಸರಿಸಿ ಲಿಫ್ಟನ್ನ ಚಾಸಿ (ರೋಬೋದ ಕೆಳಗಿನ ಚೌಕಟ್ಟು) ಒಳಗೇ ಇಳಿಸಿದ್ವಿ. ಜೊತೆಗೆ ಸೈಕಲ್ ಟ್ಯೂಬ್ ಸೀಳಿ ಎರಡೂ ಕಡೆ ಕಾಲಿನ ಬುಡಕ್ಕೆ ಅಡ್ಡ ಕಟ್ಟಿದ್ವಿ, ಮಡಚಿದಾಗ ಬುಡಗಳು ದೂರ ಹೋಗಿ ಟ್ಯೂಬು ಪೂರ್ತಿ ಎಳ್ಕೊಂಡಿರುತ್ತೆ, ಹಾಗಾಗಿ ಮೋಟಾರಿಗೆ ಬೇಕಾದ ಹೊತ್ತಲ್ಲೇ ಸಹಾಯ ಸಿಗುತ್ತೆ. ನನಗೆ ಇವತ್ತಿಗೂ ಆ ಡಿಸೈನಲ್ಲಿ ತುಂಬಾ ಇಷ್ಟವಾದ ಭಾಗ ಅದು. ಬೋಲ್ಟು ತೂತಲ್ಲಿ ಸಡಿಲ ಇದ್ದು ಪ್ಲಾಟ್‌ಫಾರ್ಮ್ ವಾಲಾಡ್ತಿತ್ತು, ಸರ್ ಲೇತಲ್ಲಿ ತೂತಿಗೆ ಬಿಗಿಯಾಗಿ ಕೂರೋ ಹಿತ್ತಾಳೆ ಬುಷ್ (ಸಣ್ಣ ಬಳೆ) ಒಂದೊಂದಾಗಿ ಮಾಡಿ ಕೊಟ್ರು, ಮನೆಗೆ ಹೋಗೋ ಬಸ್ ಬಿಟ್ಕೊಂಡು.

ಪುಣೆಯಲ್ಲಿ ನಾವು ಮೊದಲ ಸುತ್ತಲ್ಲೇ ಸೋತ್ವಿ. ಆದ್ರೆ ಲಿಫ್ಟು ಒಂದು ಸಲನೂ ನಿಲ್ಲಲಿಲ್ಲ, ಮಗೂನ ಸೀಸಾ ಮೇಲೆ ಮೆತ್ತಗೆ ಕೂರಿಸ್ತು. ವಾಪಸ್ ಬಂದು ವಿಡಿಯೋ ತೋರ್ಸಿದಾಗ ಸರ್ ಆ ಭಾಗಾನ ಮಾತ್ರ ಮೂರು ಸಲ ನೋಡಿದ್ರು.

ಈಗ ಅವರು ರಿಟೈರ್ ಆಗಿದ್ದಾರೆ. ಕಿಟಕಿ ಹತ್ರ ಆ ಜ್ಯಾಕ್ ಇನ್ನೂ ಇದ್ರೆ ಯಾರಾದ್ರೂ ಒಂದು ಫೋಟೋ ಕಳ್ಸ್ರಪ್ಪಾ.