ಕೆಂಪು ಪಿನ್ನಿನಲ್ಲಿ ಸಿಕ್ಕ ಜಾತ್ರೆ

ಸೋಮವಾರ
ಅಪ್ಪನ ಹಳೇ ಹ್ಯಾಂಡಿಕ್ಯಾಮ್ ಕೊನೆಗೂ ಟ್ರಂಕಿನಿಂದ ಹೊರಗೆ ಬಂತು. ಜೊತೆಗೆ ಏಳು ಹೈ8 ಕ್ಯಾಸೆಟ್. ಒಂದರ ಮೇಲೆ ಅಪ್ಪನ ಅಕ್ಷರದಲ್ಲಿ ‘ಶರಣಬಸಪ್ಪನ ಜಾತ್ರಿ, 2002’ ಅಂತಿದೆ, ಕಲಬುರಗಿಯ ತೇರಿನ ಜಾತ್ರೆ. ಬ್ಯಾಟರಿ ಸತ್ತಿದೆ, ಆದರೆ ಅಡಾಪ್ಟರ್ ಚುಚ್ಚಿದ ಕೂಡಲೇ ಮೋಟರ್ ಗುಂಯ್ ಅಂತು.

ಟೇಪನ್ನು ಸೀದಾ ಪ್ಲೇ ಮಾಡಲಿಲ್ಲ. ಒಮ್ಮೆ ಕೊನೆವರೆಗೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತಿಸಿದೆ. ವರ್ಷಗಟ್ಟಲೆ ಬಿಗಿದು ಕೂತ ಟೇಪು ಹೀಗೆ ಸ್ವಲ್ಪ ಸಡಿಲ ಆಗುತ್ತದೆ.

ಟೇಪಿನ ಚಿತ್ರ, ಸದ್ದನ್ನು ಲ್ಯಾಪ್‌ಟಾಪಿಗೆ ಇಳಿಸುವ ಕ್ಯಾಪ್ಚರ್ ಕೇಬಲ್ಲಿನ ಒಂದು ತುದಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು ಸಾಕೆಟ್. ಹಳದಿ ಚಿತ್ರಕ್ಕೆ, ಉಳಿದೆರಡು ಸದ್ದಿಗೆ. ಕ್ಯಾಮೆರಾದಲ್ಲಿ 3.5 ಎಂಎಂ ತೂತು. ಅದರ ಸ್ವಂತ ವೈರು ಎಲ್ಲಿ ಹೋಯಿತೋ! ಡಿಶ್ ಬಾಕ್ಸಿನ ವೈರು ಹಾಕಿದೆ. ಸೈಜು ಅದೇ ಅಲ್ವಾ? ಬಣ್ಣಕ್ಕೆ ಬಣ್ಣ ಜೋಡಿಸಿದೆ. ಪರದೆ ಬರೀ ಕಪ್ಪು.

ಮಂಗಳವಾರ
ಸೂಪರ್ ಮಾರ್ಕೆಟ್ ಕಡೆ ನಾಲ್ಕು ಅಂಗಡಿ ಸುತ್ತಿದೆ. ಆ ವೈರು ಯಾರ ಹತ್ತಿರವೂ ಇಲ್ಲ. ಮನೆಗೆ ಬಂದು ಸುಮ್ನೆ ಕ್ಯಾಮೆರಾದ ಅದೇ ತೂತಿಗೆ ಹೆಡ್‌ಫೋನ್ ಚುಚ್ಚಿ ಹಾಕಿಕೊಂಡೆ. ಎಡ ಕಿವಿಯಲ್ಲಿ ಡೊಳ್ಳು, ಬಲ ಕಿವಿಯಲ್ಲಿ ಝರ್‍ರ್ ಅಂತ ಒಂದೇ ಸದ್ದು. ಅಲ್ಲಿ ಹೊಳೆಯಿತು. ಆ ಝರ್‍ರ್ ಸದ್ದೇ ಚಿತ್ರ! ದಾರಿ ತಪ್ಪಿ ಕೆಂಪು ಪಿನ್ನಿಗೆ ಬಂದಿದೆ.

ಪಿನ್ನನ್ನು ಕಣ್ಣ ಹತ್ತಿರ ಹಿಡಿದು ನೋಡಿದರೆ ಮೂರು ಕಪ್ಪು ಗೆರೆ, ನಡುವೆ ನಾಲ್ಕು ಲೋಹದ ಪಟ್ಟಿ. ಈ ಕ್ಯಾಮೆರಾ ತುದಿಯಿಂದ ಎರಡನೇ ಪಟ್ಟಿಯಲ್ಲಿ ವಿಡಿಯೋ ಕಳಿಸುತ್ತದೆ. ಡಿಶ್ ವೈರಿನಲ್ಲಿ ಆ ಪಟ್ಟಿ ಕೆಂಪಿಗೆ ಹೋಗುತ್ತದೆ. ಕೆಂಪನ್ನು ಹಳದಿ ಸಾಕೆಟ್ಟಿಗೆ, ಹಳದಿಯನ್ನು ಕೆಂಪು ಸಾಕೆಟ್ಟಿಗೆ ಚುಚ್ಚಿದೆ. ತೇರು ಬಂತು!

ಬಂತು, ಆದರೆ ಬಣ್ಣವಿಲ್ಲ, ಮೇಲೆ ಕೆಳಗೆ ಕುಣಿಯುತ್ತಿತ್ತು. ಇದು ಸುಲಭ. ಕೇಬಲ್ಲು ಇದನ್ನು ಅಮೆರಿಕ ಕಡೆಯ ಟಿವಿ ಪದ್ಧತಿ ಎನ್‌ಟಿಎಸ್‌ಸಿ ಅಂದುಕೊಂಡಿತ್ತು, ನಮ್ಮ ಕಡೆಯ ಕ್ಯಾಮೆರಾದ್ದು ಪಾಲ್ ಪದ್ಧತಿ. ಒಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಪಾಲ್ ಬಿ ಆರಿಸಿ 720x576 ಇಟ್ಟ ಮೇಲೆ ತೇರಿಗೆ ಬಣ್ಣ ಬಂತು.

ಬುಧವಾರ
ತೇರು ನಿಂತಾಗ ಚೆನ್ನಾಗಿದೆ, ಹೊರಟರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ. ಟೇಪಿನಲ್ಲಿರುವುದು ಸೆಕೆಂಡಿಗೆ 50 ಅರ್ಧ ಚಿತ್ರ. ಎರಡು ಅರ್ಧಗಳನ್ನು ಒಟ್ಟಿಗೆ ತೋರಿಸಿದರೆ ಹೀಗಾಗುತ್ತದೆ. ಪ್ರತಿ ಅರ್ಧವನ್ನೂ ಪೂರ್ತಿ ಚಿತ್ರ ಮಾಡಲು ಡಿಇಂಟರ್‌ಲೇಸಿಂಗ್‌ನಲ್ಲಿ ಯಾಡಿಫ್ 2ಎಕ್ಸ್ ಹಾಕಿ, ಫ್ರೇಮ್ 50ಕ್ಕೆ ಏರಿಸಿದೆ. ಹಲ್ಲು ಹೋಯಿತು.

ರೆಕಾರ್ಡಿಂಗ್ 40 ನಿಮಿಷ ಆಗಿತ್ತು, ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಿತು, ಕ್ಯಾಮೆರಾ ಸತ್ತಿತು. ಎಲ್ಲಿಗೆ ನಿಂತಿತೋ ಅಲ್ಲಿಂದ ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಂದು ಫೈಲು ಮಾಡಿ, ಆಮೇಲೆ ಅಂಟಿಸಿದೆ. ಇನ್ನು ಮೇಲೆ ಕ್ಯಾಮೆರಾಕ್ಕೂ ಇನ್ವರ್ಟರ್ ಲೈನ್.

ಶುಕ್ರವಾರ
90 ನಿಮಿಷದ ಫೈಲು 5.4 ಜಿಬಿ. ಪೆನ್ ಡ್ರೈವ್ ತೆಗೆದುಕೊಳ್ಳಲಿಲ್ಲ. ಜಾಗ ಇದೆ, ಆದರೆ ಅದರ ಫಾರ್ಮ್ಯಾಟ್ ಫ್ಯಾಟ್32, ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದೆ. ರಾತ್ರಿ ಎಲ್ಲರೂ ಟಿವಿಯಲ್ಲಿ ನೋಡಿದೆವು. ಜನ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿದ್ದಾರೆ. ಅಷ್ಟರಲ್ಲಿ ಚಿತ್ರ ಗಪ್ಪನೆ ಜಿಗಿದು ಆಕಾಶ ಕಾಣುತ್ತದೆ. ಟೇಪು ಹಾಳಾಗಿದೆ ಅಂತ ಆ ಒಂದು ಜಾಗವನ್ನೇ ಮೂರು ಸಲ ಕ್ಯಾಪ್ಚರ್ ಮಾಡಿದ್ದೆ.

‘ಟೇಪ್ ಖರಾಬ್ ಆಗಿಲ್ಲೋ, ಉತ್ತತ್ತಿ ನನ್ನ ಹಣಿಗೆ ಬಡದಿತ್ತು’ ಅಂದರು ಅಪ್ಪ. ಅವ್ವ ನಕ್ಕು ನಕ್ಕು ಸುಸ್ತು.

ಇನ್ನು ಆರು ಕ್ಯಾಸೆಟ್ ಇವೆ. ಒಂದರ ಕಿಟಕಿಯಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಕಾಣುತ್ತಿದೆ. ಅದನ್ನು ಬೇರೆ ಕವರಿನಲ್ಲಿ ಕಟ್ಟಿಟ್ಟಿದ್ದೇನೆ, ಸದ್ಯಕ್ಕೆ ಕ್ಯಾಮೆರಾದೊಳಗೆ ಹಾಕುವುದಿಲ್ಲ. ಬೂಷ್ಟು ಟೇಪು ಓದುವ ಹೆಡ್ಡಿಗೆ ಹತ್ತಿದರೆ ಉಳಿದ ಐದಕ್ಕೂ ಕುತ್ತು. ನಾಳೆ ಅಕ್ಕನ ಮದುವೆ ಕ್ಯಾಸೆಟ್.