ಮನವಿ ಪತ್ರ ಯಾರ ಹೆಸರಿಗೆ?

ಬೀದರ್‌ನಲ್ಲಿ ಸರ್ಕಾರಿ ಕಚೇರಿಗಳ ಎದುರಿಗೇ ನನ್ನ ಡಿಟಿಪಿ, ಜೆರಾಕ್ಸ್ ಅಂಗಡಿ. ಪಹಣಿ ತಿದ್ದುಪಡಿ, ಬೆಳೆ ಹಾನಿ, ಪಿಂಚಣಿ ಎಲ್ಲಕ್ಕೂ ಮನವಿ ಪತ್ರ ಟೈಪ್ ಮಾಡಿಕೊಡುವುದು ದಿನದ ಕೆಲಸ. ಜೂನ್ 5 ಬಂತೆಂದರೆ ಪರಿಸರದ ಮನವಿಗಳೂ ಬರುತ್ತವೆ. ವಿಷಯ: ಹವಾಮಾನ ಬದಲಾವಣೆ ತಡೆಗಟ್ಟಿ ವನ್ಯಜೀವಿಗಳನ್ನು ರಕ್ಷಿಸುವ ಕುರಿತು. ಇವರಿಗೆ: ಮಾನ್ಯ ಪ್ರಧಾನಮಂತ್ರಿಗಳು, ನವದೆಹಲಿ, ಮಾನ್ಯ ಜಿಲ್ಲಾಧಿಕಾರಿಗಳ ಮೂಲಕ. ಕೊಟ್ಟು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. 'ಸೂಕ್ತ ಕ್ರಮಕ್ಕಾಗಿ ರವಾನಿಸಿದೆ' ಎಂಬ ಒಂದು ಸಾಲಿನ ಉತ್ತರ ಬಂದರೆ ಅದೇ ದೊಡ್ಡದು.

ಈ ಕುರ್ಚಿಯಲ್ಲಿ ಕೂತು ನನಗೆ ತಿಳಿದದ್ದು ಇಷ್ಟು. ಹಣ ಯಾರ ಕೈಯಲ್ಲಿದೆಯೋ ಅವರ ಹೆಸರಿಗೆ, ಅದು ಹಂಚಿ ಹೋಗುವ ಮೊದಲು, ಒಂದು ಜಾಗ ಹೆಸರಿಸಿ ಬರೆದ ಪತ್ರವೇ ಮೇಜಿನಿಂದ ಮೇಜಿಗೆ ಸರಿಯುವುದು. ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲೇ ಮುಗಿದಿರುತ್ತದೆ. ಜೂನ್‌ನಲ್ಲಿ ಕೇಳಿದರೆ ಕೊಡುವವರಾದರೂ ಎಲ್ಲಿಂದ ಕೊಡಬೇಕು?

ಒಮ್ಮೆ ಕಾಲೇಜು ಹುಡುಗರು ಅಂಥದ್ದೇ ಪತ್ರ ಹಿಡಿದು ಕೂತಿದ್ದಾಗ ಹೊನ್ನಿಕೇರಿ ಕಡೆಯ ಕಾಕಾ ಒಬ್ಬರು ಬೆಳೆ ಪರಿಹಾರದ ಅರ್ಜಿ ಬರೆಸಲು ಬಂದರು. "ಸೋಯಾ ಎಲ್ಲಾ ಚಿಗರಿ ತಿಂದ್ ಹೋಗ್ಯಾವ ತಮ್ಮಾ. ಮಳಿ ಬಂದ್ರ ಒಂದೇ ದಿನಕ್ಕ ಕೊಚ್ಚಿ ಹೊಡಿತದ, ಆಮ್ಯಾಲ ತಿಂಗಳಗಟ್ಲೆ ಇಲ್ಲ. ಗೈರಾಣದಾಗ ಹುಲ್ಲ್ ಒಣಗಿದ್ರ ಅವಾದ್ರೂ ಎಲ್ಲಿ ಹೋಗ್ಬೇಕು?"

ಚಿಗರಿ ಎಂದರೆ ಕೃಷ್ಣಮೃಗ, ಗೈರಾಣ ಎಂದರೆ ಊರ ದನ ಮೇಯುವ ಗೋಮಾಳ. ಹುಡುಗರು ಪತ್ರದಲ್ಲಿ ಬರೆದಿದ್ದ ಹವಾಮಾನ ಬದಲಾವಣೆ ಇದೇ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಸುಮಾರು 7 ಶೇಕಡಾ ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದಾಗ ಜೋರಾಗಿ ಸುರಿಯುತ್ತದೆ, ನಡುವಿನ ಒಣ ದಿನಗಳಲ್ಲಿ ನೆಲದ ತೇವವನ್ನೂ ಬೇಗ ಹೀರುತ್ತದೆ. ಹುಡುಗರ ಬೇಡಿಕೆ ಮಾತ್ರ ಲಕ್ಷ ಸಸಿ ನೆಡಬೇಕು ಎಂದಿತ್ತು. ಕಾಕಾ ನಕ್ಕರು. "ಚಿಗರಿಗಿ ಗಿಡ ಯಾಕ್ರೋ? ಹುಲ್ಲ್ ಬೇಕು, ಓಡ್ಲಕ ಬಯಲ್ ಬೇಕು." ಅವರ ಮಾತು ಸರಿಯಿದೆ. ಕೃಷ್ಣಮೃಗ ಬಯಲಿನ ಪ್ರಾಣಿ; ಶತ್ರು ದೂರದಿಂದ ಕಂಡರೆ ತಾನೇ ಓಡಿ ತಪ್ಪಿಸಿಕೊಳ್ಳುವುದು. ಹುಲ್ಲುಗಾವಲೂ ಇಂಗಾಲವನ್ನು ಬೇರಿನಲ್ಲಿ, ಮಣ್ಣಿನಲ್ಲಿ ಹಿಡಿದಿಡುತ್ತದೆ. ಆದರೆ ಕಚೇರಿಯ ಕಣ್ಣಿಗೆ ಅದು ಖಾಲಿ ಜಾಗ, ಯಾರಾದರೂ ಕೇಳಿದರೆ ಕೊಟ್ಟುಬಿಡಬಹುದಾದದ್ದು.

ಎರಡೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ಹೊಸ ಪತ್ರ ಮಾಡಿದೆವು. ಹೆಸರು ಕ್ಷೇತ್ರದ ಶಾಸಕರದ್ದು, ಪ್ರತಿ ಅರಣ್ಯ ಇಲಾಖೆಗೆ. ಬೇಡಿಕೆ: ಈ ಗೈರಾಣ ಲೇಔಟಿಗೂ ಹೋಗಬಾರದು, ನೆಡುತೋಪಿಗೂ ಹೋಗಬಾರದು, ಬೇಸಿಗೆಗೆ ನೀರಿನ ತೊಟ್ಟಿ ಬೇಕು, ಬೆಳೆ ಪರಿಹಾರ ತಡವಾಗಬಾರದು, ಬೆಳಗಾವಿ ಅಧಿವೇಶನದಲ್ಲಿ ಇದರ ಮೇಲೆ ಪ್ರಶ್ನೆ ಕೇಳಬೇಕು. ಉಲ್ಲೇಖದಲ್ಲಿ ಕೃಷ್ಣಮೃಗವನ್ನು ಮೊದಲ ಅನುಸೂಚಿಯಲ್ಲಿಟ್ಟ 1972ರ ವನ್ಯಜೀವಿ ಕಾಯ್ದೆ, 1976ರಲ್ಲಿ ಸಂವಿಧಾನಕ್ಕೆ ಸೇರಿದ 48ಎ ವಿಧಿ, 2024ರ ಮಾರ್ಚ್ 21ರ ಸುಪ್ರೀಂ ಕೋರ್ಟ್ ತೀರ್ಪು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತರಾಗಿರುವುದೂ ನಾಗರಿಕರ ಹಕ್ಕು ಎಂದ ತೀರ್ಪು ಅದು. ಆ ಮೊಕದ್ದಮೆ ಎದ್ದದ್ದೇ ಹುಲ್ಲುಗಾವಲಿನ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ಸಲುವಾಗಿ. (ಉಲ್ಲೇಖ ಗಟ್ಟಿಯಾಗಿದ್ದರೆ ಗುಮಾಸ್ತರೂ ಎರಡನೇ ಸಲ ಓದುತ್ತಾರೆ.)

"ಸರ್, ಇದು ರಾಜಕೀಯ ಆಗಲ್ವಾ?" ಎಂದ ಒಬ್ಬ ಹುಡುಗ. ಆಗಲಿ ಬಿಡಪ್ಪಾ. ಗೈರಾಣ ಕೈಬಿಟ್ಟು ಹೋಗುವುದೂ ರಾಜಕೀಯದಿಂದಲೇ. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ನಮ್ಮ ಭಾಗಕ್ಕೆ ಬೇರೆಯೇ ಹಣ ಬರುತ್ತದೆ. ರಸ್ತೆ, ಕಟ್ಟಡ ಕೇಳಲು ಜನ ಸಾಲುಗಟ್ಟುತ್ತಾರೆ, ಹುಲ್ಲು ಕೇಳಿದವರನ್ನು ನಾನಂತೂ ಕಂಡಿಲ್ಲ. ಜಿಲ್ಲಾ ಪಂಚಾಯತಿ ಸದಸ್ಯರನ್ನು ಹಿಡಿಯೋಣ ಎಂದರೆ 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ದಿಲ್ಲಿಗೆ ಬರೆಯಬೇಡಿ ಎನ್ನುತ್ತಿಲ್ಲ. ರಾಯಚೂರಿನಲ್ಲಿ ಕಲ್ಲಿದ್ದಲು ಉರಿಯುತ್ತದೆ, ಸೇಡಂ, ವಾಡಿಯ ಸಿಮೆಂಟ್ ಗೂಡುಗಳಲ್ಲಿ ಸುಣ್ಣದಕಲ್ಲು ಕಾದಾಗ ಆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದರ ನೀತಿ ಬದಲಿಸುವವರು ಮೇಲಿದ್ದಾರೆ. ಅದಕ್ಕೆ ಸಂಸದರ ಹೆಸರಿಗೆ ಬೇರೆ ಪತ್ರ ಬರೆಯಿರಿ. ಎರಡನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಇಬ್ಬರೂ 'ನಮಗೆ ಸಂಬಂಧಿಸಿದ್ದಲ್ಲ' ಎಂದು ಕೈತೊಳೆದುಕೊಳ್ಳುತ್ತಾರೆ.

ಇಲಾಖೆಗೆ ಪತ್ರ ಕೊಡುವಾಗ ನಕಲು ಪ್ರತಿಯ ಮೇಲೆ ಸೀಲು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಲು ಮರೆಯಬೇಡಿ. ನಂಬರ್ ಇದ್ದರೆ ಮಾಹಿತಿ ಹಕ್ಕಿನಲ್ಲಿ 'ಏನು ಕ್ರಮ ಕೈಗೊಂಡಿರಿ' ಎಂದು ಕೇಳಬಹುದು, 30 ದಿನದೊಳಗೆ ಉತ್ತರ ಕೊಡಲೇಬೇಕು. ಆ ಪತ್ರಕ್ಕೆ ಶಾಸಕರ ಆಪ್ತ ಸಹಾಯಕರಿಂದ ಫೋನ್ ಬಂತು: ಗೈರಾಣದ ಸರ್ವೆ ನಂಬರ್ ಯಾವುದು, ಎಷ್ಟು ಎಕರೆ? ಹುಡುಗರು ಈಗ ಕಾಕಾನ ಜೊತೆ ಗ್ರಾಮ ಆಡಳಿತಾಧಿಕಾರಿಯ ಕಚೇರಿಗೆ ಓಡಾಡುತ್ತಿದ್ದಾರೆ.