ಸೇಡಂ ರಸ್ತೆಯ ಏರು

ನಸುಕಿನ ಐದೂವರೆಗೆ ಕಲಬುರಗಿಯಿಂದ ಸೇಡಂ ರಸ್ತೆಗೆ ಸೈಕಲ್ ಹಿಡಿದು ಹೊರಟೆವು, ಮೂವರು ಗೆಳೆಯರು. ನಮ್ಮದೇ ಒಂದು ಟೈಮ್ ಟ್ರಯಲ್, ಅಂದರೆ ಒಂಟಿಯಾಗಿ ಗಡಿಯಾರದ ಎದುರು ಓಡಿಸುವ ಸೈಕಲ್ ಸ್ಪರ್ಧೆ, ಮಾಡುವ ಆಸೆ. ಒಬ್ಬೊಬ್ಬರನ್ನೇ ನಿಮಿಷದ ಅಂತರದಲ್ಲಿ ಬಿಡುವುದು. ಗಾಳಿ ತಪ್ಪಿಸಲು ಯಾರ ಬೆನ್ನ ಮರೆಯೂ ಇಲ್ಲ, ಕಾಲು ಮತ್ತು ಗಡಿಯಾರ ಅಷ್ಟೇ. ಅದಕ್ಕೇ ದಾರಿ ಸರಿಯಿರಬೇಕು; ಇವತ್ತು ಹೊರಟಿದ್ದು ಅದನ್ನು ನೋಡಲು.

ಹತ್ತು ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ಮರಳಿದರೆ ಗಾಳಿಯ ಲೆಕ್ಕ ಚುಕ್ತಾ ಆಗುತ್ತದೆ ಎಂದುಕೊಂಡಿದ್ದೆ. ಪೂರ್ತಿ ಆಗುವುದಿಲ್ಲ. ಹೋಗುವಾಗ ಗಂಟೆಗೆ 40, ಎದುರುಗಾಳಿಯಲ್ಲಿ ಬರುವಾಗ 30 ಎಂದರೆ ಸರಾಸರಿ 35 ಅಲ್ಲ, 34.3. ನಿಧಾನದ ಪಾಲಿಗೇ ಹೆಚ್ಚು ಹೊತ್ತು ಹೋಗುತ್ತದಲ್ಲ! ಈ ಎರೆಹೊಲದ ಬಯಲಲ್ಲಿ ಗಾಳಿಗೆ ಅಡ್ಡ ಮರಗಳೂ ಕಡಿಮೆ. ಆದರೂ ಒಂದೇ ದಿಕ್ಕಿಗೆ ಓಡಿಸುವುದಕ್ಕಿಂತ ಇದೇ ನ್ಯಾಯ.

ನನಗೆ ಭಯವಿರುವುದು ತಿರುವಿನದು. ಎಡಬದಿಯಲ್ಲಿ ಹೋಗುವವರು ಬಲಕ್ಕೆ ರಸ್ತೆ ದಾಟಿ ತಿರುಗಬೇಕು, ಎದುರಿಗೆ ಲಾರಿ. ಎರಡೂ ಕಡೆ ದೂರದಿಂದ ಕಾಣುವ ನೇರ ಜಾಗ ಹುಡುಕಿ, ಬಾವುಟ ಹಿಡಿಯಲು ಇಬ್ಬರನ್ನು ನಿಲ್ಲಿಸಲೇಬೇಕು.

ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ನಿಂತು ಕೇಳಿದರು. ಹೇಳಿದೆವು. "ರಾಶಿ ಹೊತ್ತಿಗಿ ಇಡಬ್ಯಾಡ್ರಿ ತಮ್ಮಾ, ರಸ್ತಾದ ಮ್ಯಾಲೇ ತೊಗರಿ ಹಾಕಿರ್ತಾರ." ನಮಗ್ಯಾರಿಗೂ ಹೊಳೆದಿರಲಿಲ್ಲ. ರಾಶಿಗೆ ಮುಂಚೆ, ನವೆಂಬರ್‌ನಲ್ಲೇ ಮುಗಿಸುವುದೆಂದು ಅಲ್ಲೇ ನಿಶ್ಚಯವಾಯಿತು.

ಚಿಕ್ಕಂದಿನಿಂದ ಬಸ್ಸಿನಲ್ಲಿ ಓಡಾಡಿದ ರಸ್ತೆ ಇದು. ಇಲ್ಲೊಂದು ಏರು ಇದೆಯೆಂದು ಇವತ್ತು ನನ್ನ ತೊಡೆಗಳಿಗೆ ಗೊತ್ತಾಯಿತು.